ಸೋಸಿದ ಹೆಂಡ

ಹುಣಸೂರಿನಿಂದ ಕೆ.ಆರ್. ನಗರಕ್ಕೆ ಹೊರಟ ಬಸ್ಸಿನಲ್ಲಿ, ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ, ಬಿಳಿಯ ಪ್ಲಾಸ್ಟಿಕ್ ಕ್ಯಾನೊಂದನ್ನು ತೊಡೆಯ ಮೇಲಿಟ್ಟು ಎರಡೂ ಕೈಗಳಿಂದ ತಬ್ಬಿ ಕೂತಿದ್ದ ಉಮಾಶಂಕರನಿಗೆ, ತಾನು ಈ ದಿನ ಮಾಡಹೊರಟಿರುವುದು ಹಿರಿಯರ ಪೂಜೆಯೋ ಅಥವಾ ಹೆತ್ತ ತಾಯಿಗೆ ಒಡ್ಡಿದ ಉರುಳೋ ಎಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ. ಕ್ಯಾನಿನ ಒಳಗಿದ್ದದ್ದು ಮಾತ್ರ ಯಾವ ಅನುಮಾನವೂ ಇಲ್ಲದೆ ತನ್ನ ಕೆಲಸ ನಡೆಸಿತ್ತು. ಬಸ್ಸು ಗುಂಡಿಗೆ ಬಿದ್ದೆದ್ದಾಗಲೆಲ್ಲ ಅದು ಉಬ್ಬಿ ಮುಚ್ಚಳವನ್ನು ಒಳಗಿನಿಂದ ನೂಕುತ್ತಿತ್ತು. ಅವನು ಯಾರಿಗೂ ಕಾಣದಂತೆ ಮುಚ್ಚಳವನ್ನು ಒಂದಿಷ್ಟು ಸಡಿಲಿಸಿ ಗಾಳಿ ಬಿಡುತ್ತಿದ್ದ. ಬುಸ್ಸೆಂಬ ಸದ್ದಿನ ಹಿಂದೆಯೇ, ಮೊಳಕೆಯ ರಾಗಿಗೆ ಕಳಿತ ಬಾಳೆಹಣ್ಣೂ ಒದ್ದೆ ಗೋಣಿಚೀಲವೂ ಕೂಡಿದಂಥ ಒಂದು ವಾಸನೆ ಎದ್ದು, ಹೊಗೆಸೊಪ್ಪು ಬೇಯುತ್ತಿದ್ದ ಬ್ಯಾರನ್ನು ಮನೆಗಳಿಂದ ಕಿಟಕಿಯೊಳಕ್ಕೆ ನುಗ್ಗುತ್ತಿದ್ದ ಘಾಟಿನೊಡನೆ ಕಲೆತು, ಮುಂದಿನ ಸೀಟುಗಳತ್ತ ನಿಧಾನವಾಗಿ ಪ್ರಯಾಣ ಮಾಡುತ್ತಿತ್ತು. ಪಕ್ಕದಲ್ಲಿ ಕೂತಿದ್ದ, ಹೆಗಲ ಮೇಲೆ ಹಸಿರು ಟವೆಲ್ಲಿನ ಮನುಷ್ಯ ಮೊದಲು ಕ್ಯಾನನ್ನೂ ಆಮೇಲೆ ಉಮಾಶಂಕರನ ಇಸ್ತ್ರಿ ಮಾಡಿದ ಅಂಗಿಯನ್ನೂ ನೋಡಿದ.

"ಏನ್ ಸಾ ಅದು, ಬುಸುಗುಡ್ತದೆ? ಆವುಗೀವು ಇಟ್ಕಂಡಿದ್ದೀರಾ?"

"ಇಡ್ಲಿ ಹಿಟ್ಟು," ಎಂದ ಉಮಾಶಂಕರ.

"ಇಡ್ಲಿ ಇಟ್ಟಾ!" ಆ ಮನುಷ್ಯ ಇಡೀ ಬಸ್ಸಿಗೆ ಕೇಳಿಸುವಂತೆ ಅಂದ. "ನಮ್ಮನೇಲೂ ಮಾಡ್ತಾರೆ ಕಣ್ರೀ ಇಡ್ಲಿಯ. ಇಂತಾ ಗಮಲು ಬಂದಿದ್ರೆ ನಾನ್ಯಾಕೆ ಸಂಜೆ ಆಯ್ತಿದ್ದಂಗೆ ವೈನ್ಸ್ ಸ್ಟೋರಿಗೆ ಓಡ್ತಿದ್ದೆ?"

ಹೆಂಗಸರ ಸೀಟುಗಳಲ್ಲಿ ಕೂಡ ನಗು ಹೊರಟಿತು. ಕಂಡಕ್ಟರು ಲಗೇಜು ಟಿಕೆಟ್ಟು ಹರಿದು ಕೊಡುತ್ತ, "ಅಮಾಸೆ ದಿವ್ಸ ಬುಡ್ರಪ್ಪ, ಇರೀಕರಿಗೆ ಇಡ್ಲಿ ತಕ್ಕೊಂಡೋಯ್ತಾವ್ರೆ," ಎಂದು ತನ್ನ ಪಾಲಿನದನ್ನೂ ಸೇರಿಸಿದ. ಉಮಾಶಂಕರನ ಕಿವಿ ಬಿಸಿಯಾಯಿತು. ನಿನ್ನೆಯಷ್ಟೇ, ವೀರನಹೊಸಹಳ್ಳಿಯ ಕಾಡಂಚಿನ ರೆಸಾರ್ಟಿನಲ್ಲಿ, ಬಿದಿರು ಕುರ್ಚಿಗಳಲ್ಲಿ ಕೂತ ಅತಿಥಿಗಳ ಮುಂದೆ ಇದೇ ದ್ರವವನ್ನು ಮಣ್ಣಿನ ಲೋಟಗಳಿಗೆ ಬಗ್ಗಿಸುತ್ತ, ಇದು ನಮ್ಮ ಸೀಮೆಯ ಮಣ್ಣಿನ ನೆನಪು, ನಮ್ಮ ಅಜ್ಜಿಯರ ಕೈಯ ವಿದ್ಯೆ ಎಂದು ಒಂದು ತೊಡರೂ ಇಲ್ಲದೆ ಭಾಷಣ ಮಾಡಿದ ಬಾಯಿ, ತನ್ನದೇ ಸೀಮೆಯ ಬಸ್ಸಿನಲ್ಲಿ ಹೆಂಡವೆಂಬ ಎರಡಕ್ಷರವನ್ನು ಆಡಲಾರದೆ ಹೋಗಿತ್ತು. ಅತಿಥಿಗಳು ಅದನ್ನು ಬಿಯರ್ ಎನ್ನುತ್ತಿದ್ದರು. ಬಿಯರ್ ಎಂದಾಗ ನಾಚಿಕೆಯಾಗುವುದಿಲ್ಲ ಎಂಬುದನ್ನು ಅವನು ಗಮನಿಸಿದ್ದ.

ಎಲ್ಲವೂ ಶುರುವಾದದ್ದು ಅಂಥದೇ ಒಂದು ಸಂಜೆ. ಆಗ ಅವನು ರೆಸಾರ್ಟಿನ ಊಟದ ಹಾಲಿನ ಮೇಲ್ವಿಚಾರಕ; ಅನ್ನ ಮುಗಿಯಿತೇ, ಸಾರು ಬಿಸಿಯಿದೆಯೇ, ಅಷ್ಟು ನೋಡಿಕೊಳ್ಳುವವನು. ಯಾರೋ ಅತಿಥಿ, ವಿಸ್ಕಿ ಬರುವ ಮೊದಲು ಇಲ್ಲಿಯ ಜನ ಏನು ಕುಡಿಯುತ್ತಿದ್ದರು ಎಂದು ಕೇಳಿದ. ಮಾಲೀಕ ಮಲ್ಲೇಶ್‌ಗೆ ಉತ್ತರ ಗೊತ್ತಿರಲಿಲ್ಲ. ತಟ್ಟೆಗಳನ್ನು ಎತ್ತುತ್ತಿದ್ದ ಉಮಾಶಂಕರ, ಯಾಕೆಂದು ತನಗೇ ತಿಳಿಯದೆ, "ನಮ್ಮಜ್ಜಿ ರಾಗಿ ಹೆಂಡ ಮಾಡ್ತಿದ್ರು ಸಾರ್," ಎಂದುಬಿಟ್ಟ. ಚಿಕ್ಕಂದಿನಲ್ಲಿ ಅದೇ ಮಾತನ್ನು ಶಾಲೆಯ ಹುಡುಗರು ಕಲ್ಲಿನಂತೆ ಬೀಸಿ ಎಸೆಯುತ್ತಿದ್ದರು. ಹೆಂಡದ್ ಪುಟ್ಟಿ ಮೊಮ್ಮಗ, ಹೆಂಡದ್ ಪುಟ್ಟಿ ಮೊಮ್ಮಗ ಎಂದು ನಾಲೆಯ ಏರಿಯ ಉದ್ದಕ್ಕೂ ಹಿಂದೆ ಬರುತ್ತಿದ್ದರು. ಅಷ್ಟು ವರ್ಷ ಬೆನ್ನಿಗೆ ಅಂಟಿಕೊಂಡಿದ್ದ ಆ ಕಲ್ಲನ್ನು ತೆಗೆದು ಮೇಜಿನ ಮೇಲಿಟ್ಟರೆ ಜನ ಅದನ್ನು ರತ್ನವೆಂದು ಹಿಡಿದು ನೋಡುತ್ತಾರೆಂದು ಅವನಿಗೇನು ಗೊತ್ತಿತ್ತು? ಮಲ್ಲೇಶ್ ಎದ್ದು ಬಂದು ಹೆಗಲ ಮೇಲೆ ಕೈಯಿಟ್ಟ. ಮರುದಿನದಿಂದ ಉಮಾಶಂಕರ ಸಾರಿನ ಬಿಸಿಯನ್ನು ವಿಚಾರಿಸಬೇಕಾಗಿರಲಿಲ್ಲ. ಅವನು ಪರಂಪರೆಯ ವಾರಸುದಾರನಾಗಿದ್ದ. ಲೈಸೆನ್ಸು ಕೇಳುವವರು ಬಂದರೆ ಅದು ಮಾರಾಟವಲ್ಲ, ಸಾಂಸ್ಕೃತಿಕ ಪ್ರಾತ್ಯಕ್ಷಿಕೆ ಎಂದು ಹೇಳುವುದೆಂದೂ ತೀರ್ಮಾನವಾಯಿತು.

ವಾರಸುದಾರನಿಗೆ ಹೆಂಡ ಮಾಡಲು ಬರುತ್ತಿರಲಿಲ್ಲ. ಅಪ್ಪನಿಗೆ ಮೇಷ್ಟರ ಕೆಲಸ ಸಿಕ್ಕ ವರ್ಷವೇ ಮನೆಯಲ್ಲಿ ಮಡಕೆ ಬೋರಲು ಬಿದ್ದಿತ್ತು. ಅವನು ಹುಟ್ಟಿದ್ದು ಆಮೇಲೆ. ಹಿತ್ತಿಲಿನ ಕತ್ತಲೆ ಕೋಣೆಯೊಂದರಲ್ಲಿ, ಬರಿಗಡಿಗೆಗಳಿಂದ ಆಗಲೂ ಏಳುತ್ತಿದ್ದ ಒಂದು ವಾಸನೆ ಮಾತ್ರ ಅವನ ಆಸ್ತಿ. ಆ ವಾಸನೆಯನ್ನು ಬೆನ್ನಟ್ಟಿ ಅವನು ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿದ, ಒಣಗಿಸಿ ಬೀಸಿದ, ಮುದ್ದೆಯಂತೆ ತಿರುವಿ ಆರಿಸಿದ. ಹುಳಿ ಬರಿಸುವ ಮದ್ದು ಯಾವುದೆಂದು ಮಾತ್ರ ತಿಳಿಯಲಿಲ್ಲ. ಹುಣಸೂರಿನ ಬೇಕರಿಯಿಂದ ತಂದ ಈಸ್ಟು ಹಾಕಿದರೆ ಬನ್ನಿನ ರುಚಿ ಬಂತು. ಹಳೆಯ ದೋಸೆಹಿಟ್ಟು ಹಾಕಿದರೆ ಅಂಬಲಿಯಾಯಿತು. ಏನೂ ಹಾಕದೆ ಬಿಟ್ಟರೆ ಹುಳ ಬಿತ್ತು. ಕೊನೆಗೆ ಟಿಬೆಟನ್ನರ ಶಿಬಿರದ ಪಕ್ಕದ ಕೊಪ್ಪದ ಸಂತೆಬೀದಿಯಲ್ಲಿ ಟಿಬೆಟನ್ ಹೆಂಗಸೊಬ್ಬಳ ಹೋಟೆಲಿನಲ್ಲಿ ಮೊಮೊ ತಿನ್ನುತ್ತ ಕೂತಾಗ, ಒಳಗಿನಿಂದ ಅದೇ ಕೋಣೆಯ ವಾಸನೆ ಬಂದಂತಾಗಿ ಅವನು ತಿನ್ನುವುದನ್ನು ನಿಲ್ಲಿಸಿದ. ಅವಳು ಮನೆಮಟ್ಟಿಗೆ ಬಾರ್ಲಿಯಲ್ಲಿ ಛಾಂಗ್ ಎಂಬ ಹೆಂಡ ಮಾಡುತ್ತಿದ್ದಳು. ಸುಣ್ಣದುಂಡೆಯಂಥ ಮದ್ದಿನ ಬಿಲ್ಲೆಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು. ರಾಗಿಗೆ ಆಗುತ್ತದೆಯೇ ಎಂದು ಕೇಳಿದ. "ಅದುಕ್ಕೇನ್ ಗೊತ್ತು ರಾಗಿ ಯಾವ್ದು ಬಾರ್ಲಿ ಯಾವ್ದು ಅಂತ? ಹಾಕಿ, ಹುಳೀತದೆ," ಎಂದಳು. ಇದು ನಿಮ್ಮೂರಿನದೇ ಎಂದು ಕೇಳಿದಾಗ ಅವಳು ಅವನನ್ನು ವಿಚಿತ್ರವಾಗಿ ನೋಡಿ, "ಹೂಂ, ಈ ಊರಿಂದೇ. ನಾನ್ ಹುಟ್ಟಿದ್ದು ಇಲ್ಲೇ ಅಲ್ವಾ?" ಎಂದಳು.

ಹುಳಿಯಿತು. ಅತಿಥಿಗಳು ಮೆಚ್ಚಿದರು. ಮಲ್ಲೇಶ್ ಸೀಸೆಗಳಿಗೆ ಅಂಟಿಸಲು ಲೇಬಲ್ ಮಾಡಿಸಿದ: ಪುಟ್ಟತಾಯಮ್ಮನ ರಾಗಿ ಬಿಯರ್. ಫೋಟೋ ಬೇಕೆಂದ. ನಡುಮನೆಯ ಗೋಡೆಯ ಮೇಲಿದ್ದ ಅಜ್ಜಿಯ ಪಟವನ್ನು, ತಾಯಿ ಕೊಟ್ಟಿಗೆಗೆ ಹೋಗಿದ್ದ ಹೊತ್ತು ನೋಡಿ, ಅವನು ಫೋನಿನಲ್ಲಿ ಹಿಡಿದು ತಂದ. ಯಾವುದೋ ದಸರೆಯಲ್ಲಿ ಮೈಸೂರಿನ ಸ್ಟುಡಿಯೋದಲ್ಲಿ ತೆಗೆಸಿದ ಪಟ; ಅಜ್ಜಿಯ ಕಂಕುಳಲ್ಲಿ ಎಳೆಯ ಜವರಯ್ಯ, ಈಗಿನ ಚಿಕ್ಕಪ್ಪ, ಹೆದರಿ ಬಾಯಿ ತೆರೆದಿದ್ದಾನೆ. ಲೇಬಲ್ ಮಾಡಿದವನು ಕಂಪ್ಯೂಟರಿನಲ್ಲಿ ಮಗುವನ್ನು ತೆಗೆದು ಅದೇ ಕಂಕುಳಿಗೆ ಒಂದು ಮಡಕೆ ಕೊಟ್ಟಿದ್ದ. ಅಜ್ಜಿಯ ಮುಖದ ವಾತ್ಸಲ್ಯ ಈಗ ಮಡಕೆಯ ಮೇಲೆ ಸುರಿಯುತ್ತಿತ್ತು. ಚಿಕ್ಕಪ್ಪನ ಮುಂದಿನ ಬದುಕನ್ನು ನೆನೆದರೆ ಅದು ತೀರ ಅನ್ಯಾಯದ ಬದಲಾವಣೆಯಲ್ಲ ಎಂದು ಉಮಾಶಂಕರ ಅಂದು ನಕ್ಕಿದ್ದ. ಆ ನಗು ರಾತ್ರಿಯಾಗುವುದರೊಳಗೆ ಹಳಸಿತು. ತಾನು ಮಾಡಿದ್ದು ಅಜ್ಜಿಯ ಹೆಂಡವೇ, ಅಥವಾ ಕೊಪ್ಪದ ಛಾಂಗ್ ರಾಗಿಯ ಬಟ್ಟೆ ತೊಟ್ಟು ಕೂತಿದೆಯೇ? ಬೀಜದ ಕಂಪನಿಯ ಏಜೆಂಟನಾಗಿ, ಇನ್ಶೂರೆನ್ಸ್ ಮಾಡಿಸುವವನಾಗಿ, ಅರ್ಧಕ್ಕೆ ಮುಚ್ಚಿದ ಕೋಳಿಫಾರಮ್ಮಿನ ಯಜಮಾನನಾಗಿ ಇಷ್ಟು ಕಾಲ ಅವನು ಮಾರಿದ್ದೆಲ್ಲ ಅವನಿಗೇ ನಂಬಿಕೆಯಿಲ್ಲದ ಪದಾರ್ಥ. ಇದೊಂದಾದರೂ ನಿಜವಾಗಿರಲಿ ಎಂದು ಅವನಿಗೆ ಎಷ್ಟು ಆಸೆಯಾಯಿತೆಂದರೆ, ಆ ಆಸೆಯನ್ನು ಕಂಡು ಅವನಿಗೇ ಮುಜುಗರವಾಯಿತು.

ಹೌದೋ ಅಲ್ಲವೋ ಎಂದು ಹೇಳಬಲ್ಲ ನಾಲಿಗೆಗಳು ಭೂಮಿಯ ಮೇಲೆ ಎರಡೇ ಉಳಿದಿದ್ದವು. ಒಂದು ಚಿಕ್ಕಪ್ಪ ಜವರಯ್ಯನದು. ಬನ್ನಿನ ರುಚಿಯದನ್ನು ಕೊಟ್ಟಾಗ ಅವನು ಕಣ್ಣು ಮುಚ್ಚಿ, "ಇದೇ ಕಣ್ಲಾ, ಇದೇ ನಮ್ಮವ್ವನ ಕೈದು," ಎಂದಿದ್ದ. ಅಂಬಲಿಗೂ ಹಾಗೇ ಎಂದಿದ್ದ. ಹುಳ ಬಿದ್ದದ್ದನ್ನು ಸೋಸಿ ಕೊಟ್ಟಿದ್ದರೆ ಬಹುಶಃ ಅತ್ತೇಬಿಡುತ್ತಿದ್ದ. ಇನ್ನೊಂದು ತಾಯಿ ಭದ್ರಮ್ಮನದು. ಅವಳು ಆ ಮನೆಗೆ ಸೊಸೆಯಾಗಿ ಬಂದಾಗ ಮಡಕೆಗಳು ತುಂಬಿದ್ದವು. ಮೇಷ್ಟರ ಹೆಂಡತಿಯಾದಾಗ ಬರಿದಾದವು. ಅಂದಿನಿಂದ ಅವಳು ಊರಿನ ಬಾಯಿಂದ ಒಂದು ಹೆಸರನ್ನು ಅಳಿಸಿ ಇನ್ನೊಂದನ್ನು ಬರೆಯುವ ಕೆಲಸಕ್ಕೆ ಕೂತಳು. ಹೆಂಡದ್ ಪುಟ್ಟಿ ಮನೆ ಎಂದವರಿಗೆ ಸಾಲಕ್ಕೆ ಮಜ್ಜಿಗೆ ಕೂಡ ಹುಟ್ಟುತ್ತಿರಲಿಲ್ಲ. ಮೇಷ್ಟ್ರ ಮನೆ ಎಂದವರಿಗೆ ಬೆಣ್ಣೆ ಸಿಗುತ್ತಿತ್ತು. ಈ ಕೆಲಸದ ಶಿಖರವೆಂದರೆ ಮಾರ್ಲಾಮಿ ಅಮಾವಾಸ್ಯೆಯಂದು ಹಿರಿಯರಿಗೆ ಇಡುವ ಎಡೆ. ಸತ್ತವರು ಇಷ್ಟಪಟ್ಟಿದ್ದನ್ನೇ ಅವರ ಮುಂದೆ ಇಡಬೇಕಲ್ಲವೇ? ಆದ್ದರಿಂದ, ಇಟ್ಟದ್ದೇ ಅವರು ಇಷ್ಟಪಟ್ಟದ್ದು ಎಂದು ವರ್ಷವರ್ಷವೂ ಸಾಬೀತಾಗುತ್ತ ಬಂತು. ಅಜ್ಜ ಸಣ್ಣಬೀರಯ್ಯನ ಎಡೆಗೆ ಬ್ರಾಂದಿಯೂ ಬೀಡಿಕಟ್ಟೂ ಬಿದ್ದವು, ಗಂಡಸು, ನಡೆಯುತ್ತದೆ. ಆಮೇಲೆ ತೀರಿಕೊಂಡ ಮೇಷ್ಟರಿಗೆ ಉದ್ದಿನವಡೆ. ಬದುಕಿನ ಬಹುಪಾಲು ಹೆಂಡ ಮಾಡಿದ, ಮಾರಿದ, ಕುಡಿದ ಪುಟ್ಟತಾಯಮ್ಮನ ಎಡೆಗೆ ಮಾತ್ರ ಭದ್ರಮ್ಮ ಒಂದು ಲೋಟ ಕಾಫಿ ಇಡುತ್ತಿದ್ದಳು. "ನಮ್ಮತ್ತೆ ಕಾಪಿ ಬುಟ್ರೆ ಬ್ಯಾರೆ ಏನೂ ಮುಟ್ನಿಲ್ಲ," ಎನ್ನುವಾಗ ಅವಳ ದನಿ ಸಮನಾಗಿ, ನಡುವೆ ಉಸಿರೂ ತೆಗೆದುಕೊಳ್ಳದೆ, ನುಣ್ಣಗೆ ಹರಿಯುತ್ತಿತ್ತು. ಕೇಳಿದವರಿಗೆ ಕಾಫಿಯ ಪರಿಮಳವೇ ಬರಬೇಕು.

ಕೆ.ಆರ್. ನಗರದಲ್ಲಿ ಬಸ್ಸು ಬದಲಿಸಿ, ಭೇರ್ಯದ ಈಚೆಯ ನಾಲೆ ಸೇತುವೆಯ ಬಳಿ ಇಳಿದು, ಗದ್ದೆಯ ಬದುಗುಂಟ ಮನೆ ತಲುಪುವ ಹೊತ್ತಿಗೆ ಕ್ಯಾನಿನ ಮುಚ್ಚಳ ಎರಡು ಸಾರಿ ತಾನಾಗಿ ಹಾರಿ ಅವನ ಅಂಗಿಯ ಇಸ್ತ್ರಿಯನ್ನು ಹಾಳುಮಾಡಿತ್ತು. ಹಿಂದಿನ ದಿನವೇ ಬಂದಿದ್ದ ಹೆಂಡತಿ ಪವಿತ್ರಾ ಒಲೆಯ ಮುಂದೆ ವಡೆ ತಟ್ಟುತ್ತಿದ್ದಳು. ಭದ್ರಮ್ಮ ಕಜ್ಜಾಯ ಬೇಯಿಸುತ್ತಿದ್ದಳು. ತಲೆ ಎತ್ತಲಿಲ್ಲ, ಮೂಗಿನ ಹೊಳ್ಳೆ ಮಾತ್ರ ಒಮ್ಮೆ ಅರಳಿ ನಿಂತಿತು.

"ಏನದು?"

"ರಾಗೀದು ಕಣವ್ವ. ಅಜ್ಜಿಗೆ ಮಡಗಾಣ ಅಂತ ತಂದೆ."

"ಯಾವಜ್ಜಿಗೆ?"

"ಯಾವಜ್ಜಿ ಅಂದ್ರೆ? ಪುಟ್ಟತಾಯಮ್ಮಜ್ಜಿಗೆ."

"ನಮ್ಮತ್ತೆ ಕಾಪಿ ಬುಟ್ರೆ ಬ್ಯಾರೆ ಏನೂ ಮುಟ್ನಿಲ್ಲ."

"ಅವ್ವಾ, ಊರಿಗೆಲ್ಲ ಗೊತ್ತು."

"ಊರಿಗೆ ಗೊತ್ತಿದ್ರೆ ಊರ್ನೇ ಕೇಳೋಗು. ನನ್ಯಾಕ್ ಕೇಳೀಯೆ?" ಕಜ್ಜಾಯ ಬಾಣಲೆಯಲ್ಲಿ ಮಗ್ಗುಲು ತಿರುಗಿತು. "ಇಷ್ಟ್ ದೂರದಿಂದ ಒತ್ಕಂಡ್ ಬಂದಿದ್ದೀಯೆ, ಚೆಲ್ಲು ಅನ್ನಾಕಾಗಕಿಲ್ಲ. ನಮ್ಮ ಮಾವನ ಎಡೆಗೆ ಮಡಗು. ಬ್ರಾಂದಿ ತರೋದು ತಪ್ತು."

"ಒಂಚೂರು ಕುಡ್ದು ನೋಡವ್ವ. ಸರಿಯಾಗಿ ಐತಾ ಇಲ್ವಾ, ಅಷ್ಟೇ."

"ನಂಗೇನ್ಲಾ ಗೊತ್ತು ಇದ್ರ ರುಚಿಯ? ನಾನ್ಯಾವತ್ ಕುಡ್ದಿದ್ದೆ?"

"ಅತ್ತೆ, ಎಣ್ಣೆ ಹೊಗೆಯಾಡ್ತಿದೆ," ಎಂದು ಪವಿತ್ರಾ ನಡುವೆ ಬಂದಳು. ಗಂಡನತ್ತ ಅವಳು ಬೀರಿದ ನೋಟದಲ್ಲಿ ಸಾಕುಮಾಡಿ ಎಂಬುದೂ, ಇನ್ನೇನೋ ಒಂದೂ ಇತ್ತು; ಆ ಇನ್ನೊಂದು ಏನೆಂದು ವಿಚಾರಿಸುವ ವ್ಯವಧಾನ ಉಮಾಶಂಕರನಿಗೆ ಇರಲಿಲ್ಲ. ಅಷ್ಟರಲ್ಲಿ ಜವರಯ್ಯ, ಎದುರು ಮನೆಯಲ್ಲೇ ಇರುವವನು, ಹೊಸ ಪಂಚೆಯುಟ್ಟು ವಾಸನೆ ಹಿಡಿದು ಹಿತ್ತಿಲ ಬಾಗಿಲಿಂದಲೇ ಒಳಗೆ ಬಂದ.

"ಲೇ ಉಮ, ತಂದ್ಯೇನ್ಲಾ? ಒಂದ್ಲೋಟ ಬುಡು, ನೋಡಾಣ."

"ಎಡೆ ಆಗ್ಲಿ ಚಿಕ್ಕಪ್ಪ."

"ಸತ್ತೋರಿಗೆ ಮದ್ಲು, ಸಾಯೋರಿಗೆ ಆಮ್ಯಾಕಾ? ಯಾವ್ ನ್ಯಾಯ ಅತ್ಗೆ ಇದು?"

"ನೀನ್ ಇನ್ನೂ ಸತ್ತಿಲ್ಲ ಅಂತ ಯಾರಾರ ಜ್ಞಾಪುಸ್ಬೇಕು," ಎಂದಳು ಭದ್ರಮ್ಮ. ಜವರಯ್ಯ ಅದನ್ನು ಹೊಗಳಿಕೆಯೆಂದೇ ಸ್ವೀಕರಿಸಿ ಜಗಲಿಗೆ ಹೋಗಿ ಕೂತ.

ಆ ಮನೆಯ ಎಡೆಗೆ ಒಂದು ಕಟ್ಟಳೆಯಿತ್ತು. ಅಪ್ಪನ ಎಡೆಯನ್ನು ಮಗ ತೆಗೆಯಬೇಕು, ಅತ್ತೆಯ ಎಡೆಯನ್ನು ಸೊಸೆ. ತೆಗೆದವರು ಆ ಎಲೆಯಲ್ಲಿರುವ ಒಂದೊಂದನ್ನೂ ಎಲ್ಲರೆದುರು ಬಾಯಿಗೆ ಮುಟ್ಟಿಸಬೇಕು. ಒಂದನ್ನು ಬಿಟ್ಟರೂ ಹಿರಿಯರು ಅರ್ಧ ಹೊಟ್ಟೆಯಲ್ಲಿ ಎದ್ದುಹೋದಂತೆ. ಅದು ಆಗುವ ತನಕ ಉಳಿದವರಿಗೆ ಎಲೆ ಹಾಕುವಂತಿಲ್ಲ. ಕೆಲವು ದಿನಗಳ ಹಿಂದೆ, ರೆಸಾರ್ಟಿನಲ್ಲಿ ಮಡಕೆಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಾಗ, ಈ ಕಟ್ಟಳೆ ಉಮಾಶಂಕರನಿಗೆ ಇದ್ದಕ್ಕಿದ್ದಂತೆ ನೆನಪಾಗಿತ್ತು. ತಾನು ಕೇಳಿದರೆ ಅವಳು ಕುಡಿಯುವವಳಲ್ಲ. ಆದರೆ ಅತ್ತೆಯ ಎಲೆಯ ಮೇಲಿದ್ದದ್ದನ್ನು ಬಿಡುವವಳೂ ಅಲ್ಲ. ಅರ್ಧ ಶತಮಾನ ಅವಳು ಮರ್ಯಾದೆಯನ್ನು ಕಟ್ಟಿಕೊಂಡದ್ದೇ ಇಂಥ ಕಟ್ಟಳೆಗಳ ಇಟ್ಟಿಗೆಯಿಂದ. ಅದರಲ್ಲೊಂದನ್ನು ಎಳೆದು ಅವಳ ಕಾಲಮೇಲೆ ಬೀಳಿಸುವ ಈ ಉಪಾಯ ಹೊಳೆದದ್ದಕ್ಕೆ ಅವನಿಗೆ ತನ್ನ ಬುದ್ಧಿಯ ಬಗ್ಗೆ ಹೆಮ್ಮೆಯೂ ಆಗಿತ್ತು, ಅಸಹ್ಯವೂ ಆಗಿತ್ತು, ಮತ್ತು ಎರಡನ್ನೂ ಅವನು ಬೇರ್ಪಡಿಸಲು ಹೋಗಿರಲಿಲ್ಲ.

ನಡುಮನೆಯಲ್ಲಿ ಮೂರು ಬಾಳೆಯೆಲೆ ಬಿದ್ದವು. ಮುದ್ದೆ, ಮಾಂಸದ ಸಾರು, ಕಜ್ಜಾಯ, ವಡೆ, ಅನ್ನ. ಅಜ್ಜನ ಎಲೆಯ ಬಲಕ್ಕೆ ರಾಗಿ ಹೆಂಡದ ಲೋಟ, ಅಜ್ಜಿಯ ಎಲೆಯ ಬಲಕ್ಕೆ ಕಾಫಿಯ ಲೋಟ. ಎರಡೂ ಒಂದೇ ಜೊತೆಯ ಸ್ಟೀಲು ಲೋಟಗಳು, ಮೇಷ್ಟರ ಹೆಸರು ಕೊರೆಸಿದವು; ಸ್ಟೀಲಿನ ಆಳದಲ್ಲಿ ಹಾಲು ಬೆರೆತ ಕಾಫಿಗೂ ಸೋಸಿದ ರಾಗಿ ಹೆಂಡಕ್ಕೂ ಬಣ್ಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಭದ್ರಮ್ಮ ದೀಪ ಹಚ್ಚಿ, ಊದುಬತ್ತಿ ಸಿಕ್ಕಿಸಿ, ಎಲೆಯಡಿಕೆ ಮರೆತೆನೆಂದು ಅಡಿಗೆಮನೆಗೆ ಹೋದಳು. ಉಮಾಶಂಕರ ಒಬ್ಬನೇ ಉಳಿದ. ಗೋಡೆಯ ಮೇಲೆ ಅಜ್ಜಿ, ಕಂಕುಳಲ್ಲಿ ಮಗುವಿದ್ದ ಅಜ್ಜಿ, ಅವನ ತಲೆಯ ಮೇಲಿಂದ ಎದುರು ಗೋಡೆಯನ್ನು ನೋಡುತ್ತಿದ್ದಳು. ಅವನು ಬಗ್ಗಿ ಎರಡು ಲೋಟಗಳ ಜಾಗ ಬದಲಿಸಿದ. ಎಷ್ಟು ಸಣ್ಣ ಕೆಲಸ! ಎರಡು ಕೈ, ಎರಡು ಲೋಟ. ಒಂದು ಹನಿ ಕೂಡ ಚೆಲ್ಲಲಿಲ್ಲ. ಊಟದ ಹಾಲಿನಲ್ಲಿ ಅಷ್ಟು ವರ್ಷ ಲೋಟ ಜೋಡಿಸಿದ ಅಭ್ಯಾಸ ಹೀಗೆ ಪ್ರಯೋಜನಕ್ಕೆ ಬಂತೆಂದು ಅನ್ನಿಸಿ, ಅನ್ನಿಸಿದ್ದಕ್ಕೆ ಬೇಸರವಾಯಿತು.

ಎಲ್ಲರೂ ಕೈಮುಗಿದು ಹೊರಬಂದರು. ಹಿರಿಯರು ನಿಶ್ಚಿಂತೆಯಿಂದ ಉಣ್ಣಲೆಂದು ಬಾಗಿಲು ಎಳೆದಾಯಿತು. ಊದುಬತ್ತಿ ಉರಿದು ಮುಗಿಯುವವರೆಗೆ ಅದನ್ನು ಯಾರೂ ತೆರೆಯುವಂತಿಲ್ಲ. ಉಮಾಶಂಕರ ಜಗಲಿಯ ಮೇಲೆ ಕೂತ. ಈಗಲೂ ಒಳಗೆ ನುಗ್ಗಿ ಲೋಟಗಳನ್ನು ಸರಿಯಾಗಿಡಬಹುದು. ಏನೋ ಮರೆತೆ ಎನ್ನಬಹುದು. ಎದ್ದ, ನೀರಿನ ಹಂಡೆಯವರೆಗೆ ಹೋದ, ಕಾಲು ತೊಳೆದುಕೊಂಡ, ತೊಳೆದ ಕಾಲನ್ನೇ ಮತ್ತೆ ತೊಳೆದು ಬಂದು ಕೂತ. ಅಜ್ಜಿ ಸತ್ತ ವರ್ಷ ಅವನು ಮಿಡ್ಲ್ ಸ್ಕೂಲಿನಲ್ಲಿದ್ದ. ಕೊನೆಯ ದಿನಗಳಲ್ಲಿ ಅವಳು ಸೊಸೆಯನ್ನು ಕರೆದು ಕರೆದು ಏನನ್ನೋ ಕೇಳುತ್ತಿದ್ದಳು, ಅವ್ವ ಬಗ್ಗಿ ಲೋಟ ಹಿಡಿಯುತ್ತಿದ್ದಳು, ಅಜ್ಜಿ ಒಂದು ಗುಟುಕು ಹೀರಿ ಮುಖ ಗೋಡೆಗೆ ತಿರುಗಿಸುತ್ತಿದ್ದಳು. ಆ ಲೋಟದಲ್ಲಿ ಏನಿತ್ತು? ಕಾಫಿಯೇ ಇದ್ದಿರಬೇಕು. ಸಾಯುವವಳಿಗೆ ಕೂಡ ಕಾಫಿ. ಹಾಗಾದರೆ ಅವ್ವ ಎಡೆಗೆ ಇಡುತ್ತಿದ್ದುದು ಸುಳ್ಳೇನಲ್ಲ. ಕೊನೆಯಲ್ಲಿ ಅವಳು ಬೇರೇನೂ ಮುಟ್ಟಿರಲಿಲ್ಲ. ಈ ವಿಚಾರ ಅವನಿಗೆ ಎಷ್ಟು ಹೊಸದಾಗಿತ್ತೆಂದರೆ, ಪಕ್ಕದಲ್ಲಿ ಜವರಯ್ಯ ಮಾತಾಡುತ್ತಿದ್ದುದು ಅರ್ಧದಿಂದ ಕೇಳಿಸಿತು.

"...ಅದುಕ್ಕೇ ಹೇಳ್ದೆ ಕಣ್ಲಾ, ನಮ್ಮಪ್ಪನಿಗೆ ಅಷ್ಟೊತ್ತು ಬ್ಯಾಡ. ಅವ್ನು ಒಂದೇ ಗುಟ್ಕಿಗೆ ಮುಗುಸ್ತಿದ್ದ. ಬಾಗ್ಲು ತಗೀರಿ ಅತ್ಗೆ, ಕುಡ್ದಾಯ್ತು ಅವ್ನು."

"ನಿಮ್ಮಪ್ಪ ಕುಡ್ದಿರ್ತಾರೆ, ನಮ್ಮತ್ತೆ ಇನ್ನೂ ಉಣ್ತಾ ಇರ್ತಾರೆ. ಕೂತ್ಕ," ಎಂದಳು ಭದ್ರಮ್ಮ.

ಕೊನೆಗೆ ಅವಳೇ ಎದ್ದು, ಮೂರು ಸಲ ಚಪ್ಪಾಳೆ ತಟ್ಟಿ, ಬಾಗಿಲು ನೂಕಿದಳು. ಹೊಗೆ ಹೊರಬಂತು. ಉಮಾಶಂಕರ ಅಪ್ಪನ ಎಲೆಯ ಮುಂದೆ ಕೂತು ವಡೆ ಮುರಿದು ಬಾಯಿಗೆ ಹಾಕಿಕೊಂಡ. ಅದು ಬಾಯಲ್ಲಿ ಹಾಗೇ ಉಳಿಯಿತು. ಎಡಕ್ಕೆ ಅಜ್ಜನ ಎಲೆಯ ಮುಂದೆ ಜವರಯ್ಯ ಬೇರೆಲ್ಲವನ್ನೂ ಬೆರಳ ತುದಿಯಲ್ಲಿ ಮುಟ್ಟಿಸಿ ಲೋಟಕ್ಕೆ ದಾರಿ ಮಾಡಿಕೊಳ್ಳುತ್ತಿದ್ದ. ಬಲಕ್ಕೆ ಭದ್ರಮ್ಮ ಸೆರಗು ಹೊದ್ದು ಕೂತು, ಮುದ್ದೆಯ ಚೂರು, ಸಾರು, ಕಜ್ಜಾಯ, ಒಂದೊಂದನ್ನೂ ಅವಸರವಿಲ್ಲದೆ ಬಾಯಿಗಿಟ್ಟು, ಲೋಟ ಎತ್ತಿದಳು. ಎತ್ತಿದ ಕೈ ಎದೆಯ ಮಟ್ಟಕ್ಕೆ ಬಂದು ನಿಂತಿತು. ಅವಳು ಲೋಟದೊಳಕ್ಕೆ ನೋಡಲಿಲ್ಲ. ತಿರುಗಿ ಮಗನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಚಿಕ್ಕವನಾಗಿದ್ದಾಗ ಅವನು ಸುಳ್ಳು ಜ್ವರ ಹೇಳಿಕೊಂಡು ಶಾಲೆ ತಪ್ಪಿಸಿದರೆ ಹಣೆ ಮುಟ್ಟಿ ನೋಡಿ, ಏನೂ ಅನ್ನದೆ ಗಂಜಿ ತಂದುಕೊಡುತ್ತಿದ್ದಾಗಿನ ನೋಟ ಅದು. ಆಮೇಲೆ ಕುಡಿದಳು.

ಕುಡಿದ ರೀತಿ ಹೀಗಿತ್ತು. ಮೇಲ್ತುಟಿಯನ್ನು ಲೋಟದ ಅಂಚಿಗೆ ಒತ್ತಿ, ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಬಿಗಿಯಾಗಿ ಕಚ್ಚಿ ಹಿಡಿದು, ಆ ಸಂದುಗಳಿಂದ ಸರ್ರನೆ ಹೀರಿದಳು. ಉದ್ದಕ್ಕೆ, ನಿಲ್ಲಿಸದೆ, ಬುಡದವರೆಗೆ. ಲೋಟ ಇಳಿಸಿ, ನಾಲಗೆಯನ್ನು ಹಲ್ಲಿನ ಮುಂದೆ ಒಂದು ಸುತ್ತು ಆಡಿಸಿ, ಅಲ್ಲಿ ಸೇರಿದ್ದನ್ನು ತುಟಿಯ ಮೂಲೆಗೆ ತಂದು, ಮುಖ ಪಕ್ಕಕ್ಕೆ ತಿರುಗಿಸಿ ತುಫ್ ಎಂದು ಗೋಡೆಯತ್ತ ಉಗಿದಳು. ಉಗಿದದ್ದರಲ್ಲಿ ಏನೂ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಹೊಟ್ಟು ಅತಿಥಿಗಳ ಹಲ್ಲಿಗೆ ಸಿಗಬಾರದೆಂದು ಮಲ್ಲೇಶ್ ಹೇಳಿದ್ದರಿಂದ ಉಮಾಶಂಕರ ಆ ಹೆಂಡವನ್ನು ತೆಳುಬಟ್ಟೆಯ ಮಡಿಕೆಗಳಲ್ಲಿ ಮತ್ತೆ ಮತ್ತೆ ಸೋಸಿದ್ದ. ಕ್ಯಾನಿನಲ್ಲಿ ರಾಗಿಯ ಹೊಟ್ಟಿನ ಒಂದು ತುಣುಕೂ ಉಳಿದಿರಲಿಲ್ಲ. ಅವನ ತಾಯಿ ಹಲ್ಲಿನಿಂದ ಸೋಸಿ ಪಕ್ಕಕ್ಕೆ ಉಗಿದದ್ದು ಆ ಲೋಟದ ಹೊಟ್ಟನ್ನಲ್ಲ. ಅದು ಎಷ್ಟೋ ವರ್ಷಗಳ ಹಿಂದಿನ ಹೊಟ್ಟು. ನಾಲಗೆಗೆ ಸುಳ್ಳು ಕಲಿಸಿದವಳು ಹಲ್ಲಿಗೆ ಕಲಿಸುವುದನ್ನು ಮರೆತಿದ್ದಳು. ಹಾಗೆ ಕುಡಿಯುವುದು ಒಂದು ದಿನದಲ್ಲಿ ಬರುವುದಲ್ಲ. ದಿನದಿನವೂ ಕುಡಿದವರ ಬಾಯಿ ಅದು.

"ಥೂ, ಇವ್ನ! ಲೇ, ಕಾಪಿ ಕಣ್ಲಾ ಇದು!" ಜವರಯ್ಯ ಲೋಟವನ್ನು ದೂರ ಹಿಡಿದು ಕೂಗಿದ. "ಯಾವನ್ಲಾ ನಮ್ಮಪ್ಪನಿಗೆ ಕಾಪಿ ಮಡಗ್ದೋನು?"

ಪವಿತ್ರಾಳ ಕೈಯಲ್ಲಿದ್ದ ಸೌಟು ನಿಂತಿತು. ಅಜ್ಜನದು ಕಾಫಿಯಾದರೆ ಅಜ್ಜಿಯದು ಏನು ಎಂಬ ಲೆಕ್ಕ ಎಲ್ಲರ ಮುಖದಲ್ಲೂ ಒಟ್ಟಿಗೇ ನಡೆಯಿತು; ಜವರಯ್ಯ ಕೂಡ ನಿಧಾನವಾಗಿ ಅತ್ತಿಗೆಯ ಬರಿದಾದ ಲೋಟದತ್ತ ತಿರುಗಿದ. ಉಮಾಶಂಕರ ಬಯಸಿದ್ದ ಗಳಿಗೆ ಇದೇ. ಈಗ ಅದು ಬಂದು ನಿಂತಾಗ, ನೆಲ ಬಿರಿದು ಕ್ಯಾನು ಸಮೇತ ತನ್ನನ್ನು ನುಂಗಬಾರದೇ ಎನ್ನಿಸಿತು. ಭದ್ರಮ್ಮ ಲೋಟವನ್ನು ಎಲೆಯ ಮೇಲೆ ಬೋರಲಿಟ್ಟಳು.

"ಸತ್ ಮ್ಯಾಲಾದ್ರೂ ನಮ್ಮ ಮಾವ ಕಾಪಿ ಕಲ್ತವ್ರೆ, ಕಲೀಲಿ ಬುಡಪ್ಪ," ಎಂದಳು. "ನೀನೂ ಕಲ್ತ್ಕ. ಪವಿತ್ರ, ಎಲೆ ಆಕವ್ವ, ಹೊತ್ತಾಯ್ತು."

ಜವರಯ್ಯ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು. ಲೆಕ್ಕ ಅಲ್ಲಿಗೆ ನಿಂತಿತು. ನಿಲ್ಲಿಸುವುದರಲ್ಲಿ ಆ ಮನೆಯವರಿಗೆ ಅನುಭವವಿತ್ತು. ಜವರಯ್ಯ ಹಿತ್ತಿಲಿಗೆ ಹೋಗಿ ಕ್ಯಾನಿನಿಂದ ತಾನೇ ಬಗ್ಗಿಸಿಕೊಂಡು ಕುಡಿದು ಬಂದು, ಇದೇ ನಮ್ಮವ್ವನ ಕೈದು ಎಂದು ಹೇಳಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ.

ಉಮಾಶಂಕರ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವಳಿಗೆ ಆ ರುಚಿ ಗೊತ್ತಿತ್ತೆಂಬುದು ಅವನಿಗೆ ಈಗ ಗೊತ್ತಾಗಿತ್ತು. ನಿಜವಾದದ್ದು ಸೋಸದ ಹೆಂಡ, ತನ್ನದು ಸೋಸಿದ್ದು, ಅದೂ ಗೊತ್ತಾಗಿತ್ತು. ಆದರೆ ರುಚಿ ಅದೇ ಹೌದೋ ಅಲ್ಲವೋ, ಆ ಒಂದನ್ನು ಹಲ್ಲು ಹೇಳಿರಲಿಲ್ಲ, ನಾಲಗೆ ಹೇಳುವಂತಿರಲಿಲ್ಲ. ಇಷ್ಟೆಲ್ಲ ಮಾಡಿ ಅವನ ಕೈಗೆ ಬಂದದ್ದು ಹೊಟ್ಟಿನ ವಿಷಯ. ಜೇಬಿನಲ್ಲಿ ಫೋನು ಅದುರಿತು. ಮಲ್ಲೇಶ್ ಇರಬೇಕು, ನಾಳೆ ಲೇಬಲ್ ಅಂಟಿಸಿದ ಸೀಸೆಗಳನ್ನು ಅತಿಥಿಗಳ ಮುಂದೆ ಬಿಡುಗಡೆ ಮಾಡುವ ಕಾರ್ಯಕ್ರಮ. ಅವನು ತೆಗೆಯಲಿಲ್ಲ.

ಭದ್ರಮ್ಮ ಸಾರಿನ ಪಾತ್ರೆ ಹಿಡಿದು ಸಾಲಿನ ಕೊನೆಗೆ, ಅವನ ಎಲೆಯ ಮುಂದೆ ಬಂದು ಬಗ್ಗಿದಳು. ಉಸಿರಿನಲ್ಲಿ ರಾಗಿಯ ಹುಳಿ ವಾಸನೆಯಿತ್ತು. ಬೇರೆ ಯಾರಿಗೂ ಕೇಳಿಸದಂತೆ ಅಂದಳು:

"ನಿಂಗೇನ್ ಬೇಕಿತ್ತೋ ಸಿಕ್ತಲ್ಲ? ಆ ಪೋಟ ತಗ್ಸು."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. "ಯಾವ್ ಪೋಟ?"

"ಸೀಸೆ ಮ್ಯಾಲಿನ್ದು. ಪವಿತ್ರ ಫೋನಲ್ಲಿ ತೋರ್ಸುದ್ಲು. ಕಂಕುಳಲ್ಲಿರೋ ಮಗೀನ್ ಕಿತ್ತಾಕಿ ಮಡಕೆ ಕೊಟ್ಟವ್ರೆ." ಸೌಟು ಅಲುಗಲಿಲ್ಲ. "ಕುಡೀತಿದ್ಲು, ಮಾಡ್ತಿದ್ಲು, ನಾನೂ ಅವ್ಳ ಜೊತೆ ಕೂತು ಕುಡ್ದೆ. ಆಯ್ತಾ? ನಿನ್ ಹಟ ತೀರ್ತು. ಊರ್ ಬಾಯಿ ಮುಚ್ಸಾಕೆ ನನ್ನ ಆಯಸ್ಸೆಲ್ಲ ಹಿಡೀತು ಕಣೋ. ನೀನದ ಅಚ್ಚು ಆಕ್ಸಿ ಅಂಟುಸ್ಬ್ಯಾಡ. ತಗ್ಸ್ತೀಯಾ?"

ರೆಸಾರ್ಟಿನಲ್ಲಿ ಸೀಸೆಗಳು ಸಾಲಾಗಿ ನಿಂತಿದ್ದವು. ಲೇಬಲ್ಲುಗಳನ್ನು ನಿನ್ನೆ ಅವನೇ ಒಂದೊಂದಾಗಿ, ಗುಳ್ಳೆ ಏಳದಂತೆ ಹೆಬ್ಬೆರಳಿನಿಂದ ತಿಕ್ಕಿ ಅಂಟಿಸಿದ್ದ. ಅತಿಥಿಗಳು ಬೆಂಗಳೂರಿನಿಂದ ಹೊರಟಾಗಿರಬೇಕು. ಮಲ್ಲೇಶ್ ಏನೆನ್ನುತ್ತಾನೆ, ಊಟದ ಹಾಲಿನಲ್ಲಿ ತಾನು ಮತ್ತೆ ಹೇಗೆ ಸಾರಿನ ಬಿಸಿ ವಿಚಾರಿಸಬೇಕಾಗುತ್ತದೆ, ಎಲ್ಲವೂ ಅವನ ಕಣ್ಣ ಮುಂದೆ ಒಮ್ಮೆಗೇ ಹಾದುಹೋಯಿತು.

"ಆಯ್ತು ಕಣವ್ವ, ನಾಳೇನೆ ತಗುಸ್ಬುಡ್ತೀನಿ," ಎಂದ.

ದನಿ ಸಮನಾಗಿತ್ತು. ನಡುವೆ ಉಸಿರು ತೆಗೆದುಕೊಳ್ಳಲಿಲ್ಲ. ಮಾತು ನುಣ್ಣಗೆ ಹರಿದು ಬಂತು. ಭದ್ರಮ್ಮ ಅವನ ಮುಖವನ್ನು ನೋಡುತ್ತ ಬಗ್ಗಿದವಳು ಹಾಗೇ ನಿಂತಳು. ಆ ದನಿಯನ್ನು ಗುರುತಿಸಲು ಅವಳಿಗೆ ಯಾರ ಸಹಾಯವೂ ಬೇಕಿರಲಿಲ್ಲ. ಆಮೇಲೆ ಅವನ ಮುದ್ದೆಯ ಮೇಲೆ ಸಾರು ಬಿಟ್ಟು, ಇನ್ನೊಂದು ತುಂಡು ಮಾಂಸ ಹುಡುಕಿ ಹಾಕಿ, "ಉಣ್ಣು," ಎಂದು ಒಳಗೆ ಹೋದಳು.